ಇಪ್ಪತ್ತರೊಳಗೆ ಬರಬೇಕು: ಗಾಲ್ಫ್‌ನ ಎರಡನೇ ಮೆಟ್ಟಿಲಲ್ಲಿ ಒಂದು ವರ್ಷ

ಕಾರ್ನ್ ಫೆರ್ರಿ ಟೂರ್‌ನಲ್ಲಿ ಆಡುವ ಗಾಲ್ಫ್ ಆಟಗಾರನ ತಲೆಯಲ್ಲಿ ಜನವರಿಯಿಂದ ಅಕ್ಟೋಬರ್‌ವರೆಗೆ ಕೂತಿರುವುದು ಟ್ರೋಫಿಯಲ್ಲ, 20 ಎಂಬ ಅಂಕಿ. ವರ್ಷದ ಕೊನೆಗೆ ಅಂಕಪಟ್ಟಿಯ ಮೊದಲ ಇಪ್ಪತ್ತರಲ್ಲಿ ಹೆಸರಿದ್ದರೆ ಮುಂದಿನ ವರ್ಷ ಪಿಜಿಎ ಟೂರ್‌ನಲ್ಲಿ ಆಡುವ ಹಕ್ಕು ಸಿಗುತ್ತದೆ. ಗಾಲ್ಫ್‌ನವರು ಅದನ್ನು ಕಾರ್ಡ್ ಎನ್ನುತ್ತಾರೆ. ಇಪ್ಪತ್ತೊಂದನೆಯವನಿಗೆ ಆ ಕಾರ್ಡ್ ಇಲ್ಲ. ಇಬ್ಬರ ನಡುವಿನ ಅಂತರ ಎಷ್ಟೋ ಸಲ ಚೆಂಡನ್ನು ಗುಂಡಿಗೆ ಉರುಳಿಸುವ ಒಂದೇ ಒಂದು ಪಟ್‌ನದು. ಅದು ಅಕ್ಟೋಬರ್‌ನಲ್ಲೇ ತಪ್ಪಿರಬೇಕೆಂದೂ ಇಲ್ಲ. ಫೆಬ್ರವರಿಯ ಯಾವುದೋ ಶುಕ್ರವಾರ ತಪ್ಪಿದ್ದು ಎಂಟು ತಿಂಗಳ ನಂತರ ಲೆಕ್ಕಕ್ಕೆ ಬಂದಿರಬಹುದು.

ಅಮೆರಿಕದ ವೃತ್ತಿಪರ ಗಾಲ್ಫ್‌ನಲ್ಲಿ ಪಿಜಿಎ ಟೂರ್ ಮೊದಲ ದರ್ಜೆ, ಕಾರ್ನ್ ಫೆರ್ರಿ ಅದರ ಕೆಳಗಿನದು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲಿ ಮೊದಲು ಅರ್ಥವಾಗಬೇಕಾದ ಸಂಗತಿ ಎಂದರೆ, ಆಯ್ಕೆ ಸಮಿತಿ ಎಂಬುದೇ ಇಲ್ಲ. ಯಾರೂ ಯಾರನ್ನೂ ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ, ಕೈಬಿಡುವುದೂ ಇಲ್ಲ. ಸಂಬಳವೂ ಇಲ್ಲ. ಹೊಡೆದ ಹೊಡೆತಗಳನ್ನು ಎಣಿಸಿ ಪಟ್ಟಿ ಮಾಡುತ್ತಾರೆ, ಆ ಪಟ್ಟಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಹಾಗಾಗಿ ಈ ಟೂರ್ ಹೇಗೆ ನಡೆಯುತ್ತದೆಂದು ತಿಳಿಯಬೇಕಾದರೆ ಸ್ವಿಂಗ್ ಬಗ್ಗೆ ಕಲಿಯುವುದಕ್ಕಿಂತ ಆ ಪಟ್ಟಿಗಳನ್ನು ಓದಲು ಕಲಿಯುವುದು ಮೇಲು.

ಟೂರ್ ಶುರುವಾದದ್ದು 1990ರಲ್ಲಿ, ಬೆನ್ ಹೋಗನ್ ಟೂರ್ ಎಂಬ ಹೆಸರಿನಲ್ಲಿ. ಆಗ ಒಂದು ಪಂದ್ಯದ ಒಟ್ಟು ಬಹುಮಾನ 1 ಲಕ್ಷ ಡಾಲರ್ ಆಸುಪಾಸು. ವರ್ಷದ ಕೊನೆಗೆ ಕಾರ್ಡ್ ಸಿಗುತ್ತಿದ್ದುದು ಐದು ಜನರಿಗೆ ಮಾತ್ರ. ಆಮೇಲೆ ಪ್ರಾಯೋಜಕರು ಬದಲಾದಂತೆಲ್ಲ ಹೆಸರೂ ಬದಲಾಯಿತು. ನೈಕಿ, ಬೈ ಡಾಟ್ ಕಾಮ್, ನೇಷನ್‌ವೈಡ್, ವೆಬ್ ಡಾಟ್ ಕಾಮ್, 2019ರಿಂದ ಕಾರ್ನ್ ಫೆರ್ರಿ. ಈ ಕಾರ್ನ್ ಫೆರ್ರಿ ದೊಡ್ಡ ಕಂಪನಿಗಳಿಗೆ ಮೇಲಧಿಕಾರಿಗಳನ್ನು ಹುಡುಕಿಕೊಡುವ ಸಂಸ್ಥೆ. ಕೆಲಸ ಹುಡುಕುತ್ತಿರುವವರೇ ತುಂಬಿರುವ ಟೂರ್‌ಗೆ ಅಂಥ ಪ್ರಾಯೋಜಕರು ಸಿಕ್ಕಿದ್ದು ಕಾಕತಾಳೀಯವಾದರೂ ಚೆನ್ನಾಗಿ ಹೊಂದುತ್ತದೆ. ಮೊದಲ ವರ್ಷದ ನಾಲ್ಕು ಊರುಗಳು ಈಗಲೂ ವೇಳಾಪಟ್ಟಿಯಲ್ಲಿವೆ: ವಿಚಿಟಾ, ನಾಕ್ಸ್‌ವಿಲ್, ಸ್ಪ್ರಿಂಗ್‌ಫೀಲ್ಡ್, ಬಾಯ್ಸಿ.

ಒಳಗೆ ಬರುವ ಬಾಗಿಲುಗಳು ಹಲವು. ಹಳೆಯದು ಕ್ಯೂ-ಸ್ಕೂಲ್. ಶಾಲೆ ಎಂಬ ಹೆಸರಿದ್ದರೂ ಅಲ್ಲಿ ಪಾಠವಿಲ್ಲ, ಪರೀಕ್ಷೆ ಮಾತ್ರ. ಶರತ್ಕಾಲದಲ್ಲಿ ಶುರುವಾಗಿ, ಹಂತ ಹಂತವಾಗಿ ಜನರನ್ನು ಸೋಸುತ್ತ, ಡಿಸೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ನಾಲ್ಕು ಸುತ್ತುಗಳ ಅಂತಿಮ ಹಂತಕ್ಕೆ ಬಂದು ಮುಟ್ಟುತ್ತದೆ. ಅರ್ಜಿಯ ಶುಲ್ಕವೇ ಸಾವಿರಾರು ಡಾಲರ್. ಅಲ್ಲಿ ಮೊದಲ ಐದು ಜನ ನೇರವಾಗಿ ಪಿಜಿಎ ಟೂರ್‌ಗೆ ಹೋಗುತ್ತಾರೆ, ಅವರ ಹಿಂದಿನ ಸುಮಾರು ನಲವತ್ತು ಜನರಿಗೆ ಕಾರ್ನ್ ಫೆರ್ರಿಯಲ್ಲಿ ವರ್ಷದ ಆರಂಭದ ಕೆಲವು ಪಂದ್ಯಗಳು ಖಾತ್ರಿಯಾಗುತ್ತವೆ. ಅಮೆರಿಕದ ಕಾಲೇಜು ಗಾಲ್ಫ್‌ನ ಕೊನೆಯ ವರ್ಷದಲ್ಲಿ ರ‍್ಯಾಂಕಿಂಗ್‌ನ ಎರಡರಿಂದ ಹತ್ತನೇ ಸ್ಥಾನದಲ್ಲಿರುವವರಿಗೆ ಕ್ಯೂ-ಸ್ಕೂಲ್ ಇಲ್ಲದೆಯೇ ಪ್ರವೇಶ. ಇನ್ನೂ ಒಂದು ಮೆಟ್ಟಿಲು ಕೆಳಗೆ, ಲ್ಯಾಟಿನ್ ಅಮೆರಿಕ ಮತ್ತು ಕೆನಡಾದ ಟೂರ್‌ಗಳನ್ನು ಸೇರಿಸಿ 2024ರಲ್ಲಿ ಕಟ್ಟಿದ ಪಿಜಿಎ ಟೂರ್ ಅಮೆರಿಕಾಸ್ ಇದೆ. ಅಲ್ಲಿಯ ಮೊದಲ ಹತ್ತು ಜನ ಇಲ್ಲಿಗೆ ಬರುತ್ತಾರೆ.

ಒಳಗೆ ಬಂದ ಮೇಲೆ ಶುರುವಾಗುವುದು ಸಾಲಿನ ಲೆಕ್ಕ. ವಾರಕ್ಕೆ ಸಾಮಾನ್ಯವಾಗಿ 144ರಿಂದ 156 ಜನರಿಗೆ ಜಾಗ. ಟೂರ್‌ನ ಸದಸ್ಯರು ಅದಕ್ಕಿಂತ ಹೆಚ್ಚು. ಹಾಗಾಗಿ ಪ್ರತಿಯೊಬ್ಬನಿಗೂ ಆದ್ಯತಾ ಪಟ್ಟಿಯಲ್ಲಿ ಒಂದು ನಂಬರ್ ಇರುತ್ತದೆ. ಕಳೆದ ವರ್ಷ ಮೊದಲ 75ರೊಳಗಿದ್ದವರು ಮೇಲೆ, ಇತ್ತೀಚೆಗೆ ಪಂದ್ಯ ಗೆದ್ದವರು ಮೇಲೆ, ಕ್ಯೂ-ಸ್ಕೂಲ್‌ನಿಂದ ಬಂದವರು ಅಲ್ಲಿಯ ಸ್ಥಾನಕ್ಕೆ ತಕ್ಕಂತೆ ಕೆಳಗೆ. ಕೆಲವು ಪಂದ್ಯಗಳಾದ ಮೇಲೆ ಕೆಳಗಿನವರನ್ನೆಲ್ಲ ಆವರೆಗೆ ಗಳಿಸಿದ ಅಂಕಗಳ ಪ್ರಕಾರ ಮತ್ತೆ ಜೋಡಿಸುತ್ತಾರೆ. ಇದನ್ನು ರಿಶಫಲ್ ಎನ್ನುತ್ತಾರೆ. ಖಾತ್ರಿಯಾಗಿ ಸಿಕ್ಕ ಆರಂಭದ ಪಂದ್ಯಗಳಲ್ಲಿ ಚೆನ್ನಾಗಿ ಆಡದಿದ್ದವನು ರಿಶಫಲ್ ಆದ ದಿನ ಪಾತಾಳಕ್ಕೆ ಇಳಿಯುತ್ತಾನೆ. ಆಮೇಲೆ ಬೇಸಿಗೆಯಲ್ಲಿ ಅವನ ಆಟ ಕುದುರಿದರೂ ಆಡಲು ಪಂದ್ಯವೇ ಸಿಗುವುದಿಲ್ಲ. ಈ ಟೂರ್‌ನ ನಿಜವಾದ ಕ್ರೌರ್ಯ ಇಲ್ಲಿದೆ ಎಂದು ನನಗನಿಸುತ್ತದೆ. ಕೆಟ್ಟದಾಗಿ ಆಡಿದ್ದಕ್ಕೆ ಶಿಕ್ಷೆ ಎಲ್ಲ ಆಟದಲ್ಲೂ ಇದೆ. ಕೆಟ್ಟದಾಗಿ ಆಡಿದ ತಿಂಗಳು ಯಾವುದು ಎಂಬುದಕ್ಕೂ ಇಲ್ಲಿ ಶಿಕ್ಷೆ ಇದೆ.

ಸಾಲಿನ ತುದಿಯಲ್ಲಿರುವವರನ್ನು ಆಲ್ಟರ್ನೇಟ್ ಎನ್ನುತ್ತಾರೆ. ರೈಲಿನ ವೇಟಿಂಗ್ ಲಿಸ್ಟ್‌ನಂತೆಯೇ ಇದು, ಆದರೆ ಚಾರ್ಟ್ ತಯಾರಾಗುವುದು ರೈಲು ಹೊರಟ ಮೇಲೂ ಮುಗಿದಿರುವುದಿಲ್ಲ. ಮೊದಲ ಆಲ್ಟರ್ನೇಟ್ ಆದವನು ತನ್ನ ಖರ್ಚಿನಲ್ಲೇ ಆ ಊರಿಗೆ ಬಂದಿರುತ್ತಾನೆ. ಗುರುವಾರ ಬೆಳಗಿನ ಮೊದಲ ಗುಂಪು ಹೊರಡುವ ಮುಂಚೆಯೇ ಶೂ ಕಟ್ಟಿ, ಬೆವರುವಷ್ಟು ಅಭ್ಯಾಸ ಮಾಡಿ ಸಿದ್ಧನಾಗಿರಬೇಕು. ಯಾರಿಗೋ ಬೆನ್ನು ಹಿಡಿದುಕೊಂಡರೆ, ಹೊಟ್ಟೆ ಕೆಟ್ಟರೆ, ಹತ್ತು ನಿಮಿಷದೊಳಗೆ ಅವನ ಜಾಗದಲ್ಲಿ ಮೊದಲ ಹೊಡೆತಕ್ಕೆ ಟೀ ಮೇಲೆ ನಿಲ್ಲಬೇಕು. ಯಾರಿಗೂ ಏನೂ ಆಗದಿದ್ದರೆ ಮಧ್ಯಾಹ್ನದ ಕೊನೆಯ ಗುಂಪು ಹೋಗುವವರೆಗೆ ಅಲ್ಲೇ ಇದ್ದು, ಬ್ಯಾಗ್ ಕಾರಿಗೆ ಹಾಕಿಕೊಂಡು ಹೊರಡಬೇಕು.

ಸಾಲನ್ನು ಹಾರಿ ಬರುವ ದಾರಿಯೂ ಇದೆ: ಸೋಮವಾರದ ಅರ್ಹತಾ ಸುತ್ತು. ಹತ್ತಿರದ ಯಾವುದೋ ಕೋರ್ಸ್‌ನಲ್ಲಿ ನೂರಾರು ಜನ ಒಂದೇ ಒಂದು ಸುತ್ತು ಆಡುತ್ತಾರೆ, ಬೆರಳೆಣಿಕೆಯ ಜಾಗಗಳಿಗೆ. ಪಾರ್‌ಗಿಂತ, ಅಂದರೆ ಕೋರ್ಸ್‌ಗೆ ನಿಗದಿಯಾದ ಹೊಡೆತಗಳಿಗಿಂತ, ಆರೇಳು ಕಡಿಮೆ ಆಡಿಯೂ ಬರಿಗೈಯಲ್ಲಿ ಮನೆಗೆ ಹೋಗುವುದು ಇಲ್ಲಿ ಮಾಮೂಲು. ಈ ಬಾಗಿಲು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ನಮ್ಮವರದೇ ಉದಾಹರಣೆ ಇದೆ. ಕೋಲ್ಕತ್ತದ ಅರ್ಜುನ್ ಅಟ್ವಾಲ್ 2008ರಲ್ಲಿ ಈ ಎರಡನೇ ದರ್ಜೆಯ ಟೂರ್‌ನಲ್ಲಿ ಒಂದು ಪಂದ್ಯ ಗೆದ್ದಿದ್ದರು. 2010ರ ಬೇಸಿಗೆಯಲ್ಲಿ ಅವರ ಪಿಜಿಎ ಕಾರ್ಡ್ ಕೈತಪ್ಪಿತು. ಆಗಸ್ಟ್‌ನಲ್ಲಿ ಪಿಜಿಎ ಟೂರ್‌ನ ವಿಂಡಮ್ ಚಾಂಪಿಯನ್‌ಷಿಪ್‌ಗೆ ಸೋಮವಾರದ ಸುತ್ತಿನ ಮೂಲಕ ನುಸುಳಿ, ಭಾನುವಾರ ಟ್ರೋಫಿ ಎತ್ತಿದರು. ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯ ಅವರು. ಸೋಮವಾರದ ಸುತ್ತಿನಿಂದ ಬಂದು ಪಿಜಿಎ ಪಂದ್ಯ ಗೆದ್ದವರು ಅದಕ್ಕೂ ಮುಂಚೆ ಇಪ್ಪತ್ತನಾಲ್ಕು ವರ್ಷ ಯಾರೂ ಇರಲಿಲ್ಲ.

ಇನ್ನು ವಾರದ ಲಯ. ಸೋಮವಾರ ಪ್ರಯಾಣ. ಮಂಗಳವಾರ ಅಭ್ಯಾಸದ ಸುತ್ತು: ಯಾವ ಗುಂಡಿಗೆ ಎಷ್ಟು ದೂರ, ಗುಂಡಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್, ಯಾವ ಕಡೆ ವಾಲಿದೆ ಎಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಕೆಲಸ. ಬುಧವಾರ ಪ್ರೊ-ಆಮ್, ಅಂದರೆ ದುಡ್ಡು ಕೊಟ್ಟು ಬಂದ ಸ್ಥಳೀಯ ಉದ್ಯಮಿಗಳ ಜೊತೆ ನಗುನಗುತ್ತ ಆಡುವ ದಿನ. ಪಂದ್ಯದ ಖರ್ಚಿಗೆ, ಊರಿನ ಆಸ್ಪತ್ರೆಗೋ ಶಾಲೆಗೋ ಹೋಗುವ ದೇಣಿಗೆಗೆ ಹಣ ಹುಟ್ಟುವುದು ಇಂಥ ಕಡೆ. ಗುರುವಾರದಿಂದ ಭಾನುವಾರ ಆಟ. ಮೊದಲ ಎರಡು ದಿನ ಅರ್ಧದಷ್ಟು ಜನ ಬೆಳಿಗ್ಗೆ, ಉಳಿದರ್ಧ ಮಧ್ಯಾಹ್ನ ಆಡಿ, ಮರುದಿನ ಅದಲುಬದಲಾಗುತ್ತಾರೆ. ಬೆಳಗಿನ ಗ್ರೀನ್ ನಯವಾಗಿರುತ್ತದೆ, ಗಾಳಿ ಇರುವುದಿಲ್ಲ. ಮಧ್ಯಾಹ್ನದವರಿಗೆ ನೂರಾರು ಬೂಟುಗಳು ತುಳಿದ ಗ್ರೀನ್ ಮತ್ತು ಎದ್ದ ಗಾಳಿ. ಎರಡೂ ದಿನ ಗಾಳಿ ಒಂದೇ ಸಮಯಕ್ಕೆ ಎದ್ದರೆ ಲೆಕ್ಕ ಸಮ. ಒಂದು ದಿನ ಮಾತ್ರ ಎದ್ದರೆ, ಸಿಕ್ಕಿಬಿದ್ದವರ ಪಾಡು ಅಷ್ಟೇ.

ಶುಕ್ರವಾರ ಸಂಜೆ ಕಟ್. ಎರಡು ಸುತ್ತು ಮುಗಿದಾಗ ಮೊದಲ 65 ಸ್ಥಾನಗಳಲ್ಲಿರುವವರು, ಮತ್ತು 65ನೆಯವನ ಜೊತೆ ಸಮ ಇರುವವರು ಮಾತ್ರ ಮುಂದಕ್ಕೆ. ಉಳಿದವರಿಗೆ ಅಂಕವೂ ಇಲ್ಲ, ಹಣವೂ ಇಲ್ಲ. ಒಬ್ಬ ಆಟಗಾರ ತನ್ನ ಕೊನೆಯ ಗುಂಡಿಯ ಗ್ರೀನ್ ಮೇಲೆ ನಿಂತಿದ್ದಾನೆಂದು ಇಟ್ಟುಕೊಳ್ಳಿ. ಕಟ್ ಪಾರ್‌ಗಿಂತ ಮೂರು ಕಡಿಮೆಗೆ ನಿಲ್ಲುವಂತಿದೆ, ಅವನ ಲೆಕ್ಕವೂ ಮೂರು ಕಡಿಮೆ. ಪಾರ್ ಉಳಿಸಿಕೊಳ್ಳಲು ಆರು ಅಡಿಯ ಪಟ್ ಬಾಕಿ, ಸ್ವಲ್ಪ ಎಡಕ್ಕೆ ಇಳಿಜಾರು. ಇಂಥ ದೂರದಿಂದ ಈ ಮಟ್ಟದವರು ಹಾಕುವುದು ಹತ್ತಕ್ಕೆ ಏಳು ಸಲ ಎಂದರೆ ಹೆಚ್ಚೂಕಡಿಮೆ ಸರಿ. ಬಿದ್ದರೆ ಕನಿಷ್ಠ ಸುಮಾರು 4,000 ಡಾಲರ್, ಜೊತೆಗೆ ಶನಿವಾರ-ಭಾನುವಾರ ಮೇಲೇರಲು ಎರಡು ಸುತ್ತು. ಮೊದಲ 25ರೊಳಗೆ ಮುಗಿಸಿಬಿಟ್ಟರೆ ಮುಂದಿನ ವಾರದ ಪಂದ್ಯಕ್ಕೆ ಸಾಲಿನ ಹಂಗಿಲ್ಲದೆ ಜಾಗ. ಬೀಳದಿದ್ದರೆ ರಾತ್ರಿಯೇ ಕಾರು ಹತ್ತಿ ಮುಂದಿನ ಊರು. ಟಿವಿ ತೋರಿಸುವುದು ಭಾನುವಾರದ ಗೆಲುವಿನ ಪಟ್ ಅನ್ನು. ವರ್ಷವನ್ನು ಕಟ್ಟುವುದೂ ಕೆಡಿಸುವುದೂ ಶುಕ್ರವಾರದ ಈ ಆರು ಅಡಿಗಳು.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಬಿಡಿಸಿ ನೋಡೋಣ. ಈಗ ಸಾಮಾನ್ಯ ಪಂದ್ಯವೊಂದರ ಒಟ್ಟು ಬಹುಮಾನ 10 ಲಕ್ಷ ಡಾಲರ್, ಗೆದ್ದವನಿಗೆ ಅದರ ಶೇ 18, ಅಂದರೆ 1.8 ಲಕ್ಷ. ರೂಪಾಯಿಯಲ್ಲಿ ಒಂದೂವರೆ ಕೋಟಿ ದಾಟುತ್ತದೆ. ಕೇಳಲು ದೊಡ್ಡದು. ಆದರೆ ಗೆಲ್ಲುವವನು ಒಬ್ಬ, ಖರ್ಚು ಮಾಡುವವರು ಎಲ್ಲರೂ. ವಿಮಾನ, ಬಾಡಿಗೆ ಕಾರು, ಕೋಣೆ, ಊಟ, ಬ್ಯಾಗ್ ಹೊರುವ ಕ್ಯಾಡಿಯ ವಾರದ ಕೂಲಿ ಸೇರಿದರೆ ವಾರಕ್ಕೆ ಎರಡು-ಮೂರು ಸಾವಿರ ಡಾಲರ್ ಸುಲಭವಾಗಿ ಕರಗುತ್ತದೆ. ಕ್ಯಾಡಿಗೆ ಕೂಲಿಯ ಮೇಲೆ ಬಹುಮಾನದಲ್ಲೂ ಪಾಲಿದೆ. ಕಟ್ ದಾಟಿ 60ನೆಯವನಾಗಿ ಮುಗಿಸಿದವನು ಆ ವಾರ ಕೆಲಸ ಮಾಡಿ ಕೈಯಿಂದ ಹಾಕಲಿಲ್ಲ ಎನ್ನುವಷ್ಟಕ್ಕೆ ತೃಪ್ತಿಪಡಬೇಕು. ಹೀಗಾಗಿ ಒಬ್ಬನ ಹಿಂದೆ ಊರಿನ ನಾಲ್ಕಾರು ಹಣವಂತರು ದುಡ್ಡು ಹಾಕಿ, ಗಳಿಕೆಯಲ್ಲಿ ಪಾಲು ಪಡೆಯುವ ಏರ್ಪಾಡು ಇಲ್ಲಿ ಸಾಮಾನ್ಯ. ಅಪ್ಪನೋ ಗೆಳೆಯನೋ ಹೆಂಡತಿಯೋ ಬ್ಯಾಗ್ ಹೊರುವುದುಂಟು. ಹೋಟೆಲ್ ಖರ್ಚು ಉಳಿಸುವುದಕ್ಕೆ ಇನ್ನೊಂದು ಸಂಪ್ರದಾಯವಿದೆ: ಪಂದ್ಯ ನಡೆಯುವ ಊರಿನ ಮನೆಯವರು ಆಟಗಾರರನ್ನು ಒಂದು ವಾರ ಮನೆಯಲ್ಲಿ ಇರಿಸಿಕೊಳ್ಳುತ್ತಾರೆ. ವರ್ಷ ವರ್ಷವೂ ಅದೇ ಮನೆಗೆ ಹೋಗುವವರಿದ್ದಾರೆ. ಮುಂದೆ ಹೆಸರು ಮಾಡಿದವನ ಹಳೆಯ ಟೋಪಿಯೋ ಸಹಿ ಹಾಕಿದ ಚೆಂಡೋ ಅಂಥ ಮನೆಯ ಷೋಕೇಸ್‌ನಲ್ಲಿ ಸಿಗುತ್ತದೆ.

ಆದರೂ ಕೊನೆಗೆ ಲೆಕ್ಕಕ್ಕೆ ಬರುವುದು ಡಾಲರ್ ಅಲ್ಲ, ಅಂಕ. ಗೆದ್ದವನಿಗೆ 500, ಎರಡನೆಯವನಿಗೆ 300, ಮೂರನೆಯವನಿಗೆ 190. ಹತ್ತನೇ ಸ್ಥಾನಕ್ಕೆ ಬರುವಷ್ಟರಲ್ಲಿ 75ಕ್ಕೆ ಇಳಿದಿರುತ್ತದೆ. ಆರು ಸಲ ಹತ್ತನೆಯವನಾದರೂ ಒಂದು ಗೆಲುವಿಗೆ ಸಮವಲ್ಲ. ಇದು ಬೇಕೆಂದೇ ಮಾಡಿದ ಇಳಿಜಾರು. ವಾರ ವಾರವೂ ಅಚ್ಚುಕಟ್ಟಾಗಿ ಕಟ್ ದಾಟುವವನಿಗಿಂತ, ನಾಲ್ಕು ವಾರ ಮುಗ್ಗರಿಸಿ ಐದನೇ ವಾರ ಗೆಲ್ಲುವವನನ್ನು ಈ ಪಟ್ಟಿ ಹೆಚ್ಚು ಪ್ರೀತಿಸುತ್ತದೆ. ಒಂದೇ ವರ್ಷದಲ್ಲಿ ಮೂರು ಗೆದ್ದರೆ ವರ್ಷ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ, ಅಲ್ಲಿಂದಲೇ ಬಡ್ತಿ. 2024ರಲ್ಲಿ ಮ್ಯಾಟ್ ಮೆಕಾರ್ಟಿ ಹಾಗೆ ಸ್ಪ್ರಿಂಗ್‌ಫೀಲ್ಡ್, ಒಮಾಹಾ, ಬಾಯ್ಸಿಗಳಲ್ಲಿ ಮೂರು ಗೆದ್ದು ಮೇಲೆ ಹೋಗಿ, ಅದೇ ಅಕ್ಟೋಬರ್‌ನಲ್ಲಿ ಯೂಟಾದಲ್ಲಿ ಪಿಜಿಎ ಟೂರ್ ಪಂದ್ಯವನ್ನೂ ಗೆದ್ದುಬಿಟ್ಟರು.

ಇದೆಲ್ಲ ನಡೆಯುವ ಊರುಗಳೂ ಒಂದರಂತೆ ಇನ್ನೊಂದಿಲ್ಲ. ಚಳಿಗಾಲದಲ್ಲಿ ಅಮೆರಿಕದ ಹೆಚ್ಚಿನ ಕೋರ್ಸ್‌ಗಳು ಆಡುವ ಸ್ಥಿತಿಯಲ್ಲಿರುವುದಿಲ್ಲ, ಹಾಗಾಗಿ ವರ್ಷ ಶುರುವಾಗುವುದು ಬಹಾಮಾಸ್ ದ್ವೀಪಗಳಲ್ಲಿ, ಪನಾಮಾದಲ್ಲಿ, ದಕ್ಷಿಣ ಅಮೆರಿಕದಲ್ಲಿ. 2017ರ ಜನವರಿಯಲ್ಲಿ ಬಹಾಮಾಸ್‌ನ ಗ್ರೇಟ್ ಎಕ್ಸೂಮಾದಲ್ಲಿ ಮೊದಲ ಸಲ ಪಂದ್ಯ ಇಟ್ಟಾಗ ಸಮುದ್ರದ ಗಾಳಿ ಆಟಗಾರರನ್ನು ಹಿಂಡಿ ಹಾಕಿತು. ಕಟ್ ಪಾರ್‌ಗಿಂತ ಹನ್ನೊಂದು ಹೆಚ್ಚಿಗೆ ಬಿತ್ತು. ಇಂಗ್ಲೆಂಡಿನ ಒಬ್ಬ ವೃತ್ತಿಪರ ಆಟಗಾರ 91 ಮತ್ತು 95 ಹೊಡೆದು, ಎರಡು ದಿನದಲ್ಲಿ 32 ಚೆಂಡು ಕಳೆದುಕೊಂಡ. ಗೆದ್ದ ಕೈಲ್ ಥಾಂಪ್ಸನ್ ನಾಲ್ಕು ದಿನ ಆಡಿ ಪಾರ್‌ಗಿಂತ ಎರಡೇ ಹೊಡೆತ ಕಡಿಮೆ ಇದ್ದರು.

ಕೊಲಂಬಿಯಾದ ಬೊಗೋಟಾ ಇದಕ್ಕೆ ತದ್ವಿರುದ್ಧ. ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರ, ತೆಳು ಗಾಳಿ, ಚೆಂಡಿಗೆ ತಡೆ ಕಡಿಮೆ. ಪುಸ್ತಕದಲ್ಲಿ 170 ಗಜ ಎಂದಿದ್ದರೆ 150 ಗಜಕ್ಕೆ ಹೊಡೆಯುವ ಕ್ಲಬ್ ತೆಗೆಯಬೇಕು. ಕೈ ನಂಬುವುದಿಲ್ಲ, ಆದರೂ ತೆಗೆಯಬೇಕು. ಮಂಗಳವಾರ ಇಡೀ ದಿನ ಕ್ಯಾಡಿ ಮತ್ತು ಆಟಗಾರ ಈ ಗುಣಾಕಾರದಲ್ಲೇ ಮುಳುಗಿರುತ್ತಾರೆ. 2024ರ ಫೆಬ್ರವರಿಯಲ್ಲಿ ಚಿಲಿಯ ಕ್ರಿಸ್ಟೊಬಾಲ್ ಡೆಲ್ ಸೋಲಾರ್ ಇಲ್ಲಿ ಪಾರ್ 70ರ ಪಾಕೋಸ್ ಕೋರ್ಸ್‌ನಲ್ಲಿ ಗುರುವಾರ 57 ಹೊಡೆದರು. ಪಿಜಿಎ ಟೂರ್ ನಡೆಸುವ ಯಾವ ಪಂದ್ಯದಲ್ಲೂ ಅಷ್ಟು ಕಡಿಮೆ ಯಾರೂ ಹೊಡೆದಿರಲಿಲ್ಲ. ಆ ವಾರ ಗೆದ್ದವರು ಮಾತ್ರ ಬೇರೊಬ್ಬರು, ಕೆವಿನ್ ವೆಲೊ. ಮತ್ತೆ ಏಪ್ರಿಲ್‌ಗೆ ಅಮೆರಿಕದ ದಕ್ಷಿಣದ ರಾಜ್ಯಗಳು, ಬೇಸಿಗೆಗೆ ಮಧ್ಯದ ಬಯಲು ಸೀಮೆ. ಅಲ್ಲಿ ಕೋರ್ಸ್‌ಗಳು ಮೆತ್ತಗಿರುತ್ತವೆ, ಗಾಳಿ ಕಡಿಮೆ, ಬರ್ಡಿಗಳ (ಒಂದು ಗುಂಡಿಗೆ ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಸುರಿಮಳೆ. ಪಾರ್‌ಗಿಂತ ಇಪ್ಪತ್ತು ಕಡಿಮೆ ಹೊಡೆದರೂ ಗೆಲುವು ಗ್ಯಾರಂಟಿ ಇಲ್ಲ.

ಕೊನೆಯ ನಾಲ್ಕು ಪಂದ್ಯಗಳು ಫೈನಲ್ಸ್. ಬಹುಮಾನ 15 ಲಕ್ಷ ಡಾಲರ್‌ಗೆ, ಗೆಲುವಿನ ಅಂಕ 600ಕ್ಕೆ ಏರುತ್ತದೆ. ಪಂದ್ಯದಿಂದ ಪಂದ್ಯಕ್ಕೆ ಜನ ಕಡಿಮೆಯಾಗುತ್ತ ಹೋಗುತ್ತಾರೆ. ಹಿಂದೆ ಈ ಫೈನಲ್ಸ್‌ಗೆ ಬೇರೆಯದೇ ರೂಪವಿತ್ತು. 2013ರಿಂದ 2022ರವರೆಗೆ ವರ್ಷಕ್ಕೆ 50 ಕಾರ್ಡ್ ಇದ್ದವು. 25 ವರ್ಷದ ಪಟ್ಟಿಗೆ, 25 ಫೈನಲ್ಸ್‌ಗೆ. ಪಿಜಿಎ ಟೂರ್‌ನಲ್ಲಿ ಜಾಗ ಕಳೆದುಕೊಂಡವರೂ ಕೆಳಗಿಳಿದು ಬಂದು ಆಡಬಹುದಿತ್ತು. ಬೆಂಗಳೂರಿನಲ್ಲಿ ನೆಲೆಸಿ, ಇಲ್ಲಿಯ ಕೋಚ್ ವಿಜಯ್ ದಿವೇಚಾ ಅವರ ಕೈಕೆಳಗೆ ಪಳಗಿದ ಅನಿರ್ಬನ್ ಲಾಹಿರಿ 2019ರಲ್ಲಿ ಕಳೆದುಹೋದ ಕಾರ್ಡ್ ಅನ್ನು ಮರಳಿ ಪಡೆದದ್ದು ಹೀಗೆ. 2023ರಲ್ಲಿ ಆ ಬಾಗಿಲು ಮುಚ್ಚಿತು, ಕಾರ್ಡ್‌ಗಳು 30ಕ್ಕೆ ಇಳಿದವು. 2025ರಿಂದ 20. ಪಿಜಿಎ ಟೂರ್ ತನ್ನ ಪಂದ್ಯಗಳನ್ನು ಚಿಕ್ಕದಾಗಿಸುತ್ತಿದೆ, ಬಂದವರಿಗೆ ಸರಿಯಾಗಿ ಆಡಲು ಅವಕಾಶ ಸಿಗಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ. ಒಪ್ಪಬಹುದಾದ ಕಾರಣವೇ. ಆದರೆ ಮೇಲಿನವರ ಅನುಕೂಲಕ್ಕೆ ಬಾಗಿಲು ಕಿರಿದಾಗುವಾಗ ಬೆಲೆ ತೆರುವವರು ಕೆಳಗಿರುವವರು ಎಂಬುದನ್ನೂ ಹೇಳಬೇಕು. 2024ರಲ್ಲಿ 25ನೆಯವನಾಗಿ ಬಂದವನಿಗೂ 2025ರಲ್ಲಿ 25ನೆಯವನಾಗಿ ಬಂದವನಿಗೂ ಆಟದಲ್ಲಿ ವ್ಯತ್ಯಾಸವಿಲ್ಲ.

ಗೆರೆಯ ಎರಡು ಬದಿಯ ಬದುಕು ಎಷ್ಟು ಬೇರೆ ಎಂಬುದಕ್ಕೆ ಒಂದು ಅಂಕಿ ಸಾಕು. 2022ರಲ್ಲಿ ಪಿಜಿಎ ಟೂರ್ ತನ್ನ ಪೂರ್ಣ ಸದಸ್ಯರಿಗೆ ವರ್ಷಕ್ಕೆ ಕನಿಷ್ಠ 5 ಲಕ್ಷ ಡಾಲರ್ ಗಳಿಕೆಯ ಭರವಸೆ ಘೋಷಿಸಿತು. ಹೊಸಬರಿಗೆ ಅದು ಮುಂಗಡವಾಗಿಯೇ ಸಿಗುತ್ತದೆ. 21ನೆಯವನಿಗೆ ಸಿಗುವುದು ಕಾರ್ನ್ ಫೆರ್ರಿಯಲ್ಲಿ ಇನ್ನೊಂದು ವರ್ಷ, ಡಿಸೆಂಬರ್‌ನ ಕ್ಯೂ-ಸ್ಕೂಲ್‌ನಲ್ಲಿ ಇನ್ನೊಂದು ಅವಕಾಶ. ಹಾಗೆಂದು ಇಪ್ಪತ್ತರೊಳಗಿನವರ ಸಾಲು ಮುಗಿದಂತಲ್ಲ. ಮೇಲೆ ಹೋದ ಮೇಲೂ ಆದ್ಯತಾ ಪಟ್ಟಿ ಇದೆ, ಅಲ್ಲಿ ಅವರೇ ಕೆಳಗಿನವರು, ರಿಶಫಲ್ ಅಲ್ಲೂ ಇದೆ. 2 ಕೋಟಿ ಡಾಲರ್‌ನ ಸಿಗ್ನೇಚರ್ ಪಂದ್ಯಗಳಿಗೆ ಅವರಿಗೆ ನೇರ ಪ್ರವೇಶವಿಲ್ಲ. ಹಲವರು ವರ್ಷದೊಳಗೆ ವಾಪಸ್ ಬರುತ್ತಾರೆ. ಸ್ಕಾಟಿ ಷೆಫ್ಲರ್ 2019ರಲ್ಲಿ ಇಲ್ಲಿ ಎರಡು ಪಂದ್ಯ ಗೆದ್ದು ಪಟ್ಟಿಯಲ್ಲಿ ಮೊದಲಿಗರಾಗಿ ಹೋದವರು ಮತ್ತೆ ಹಿಂದೆ ನೋಡಲಿಲ್ಲ, 2022ರಲ್ಲಿ ಮಾಸ್ಟರ್ಸ್ ಗೆದ್ದರು. ಅವರ ಕಥೆ ಎಲ್ಲರೂ ಹೇಳುತ್ತಾರೆ, ಆದರೆ ಅದು ಈ ಟೂರ್‌ನ ಮಾದರಿಯಲ್ಲ, ಅಪವಾದ.

ಯುರೋಪಿನಲ್ಲೂ ಇಂಥದೇ ಏರ್ಪಾಡಿದೆ. ಡಿಪಿ ವರ್ಲ್ಡ್ ಟೂರ್‌ನ ಕೆಳಗಿನ ಅದು ಬಹುಕಾಲ ಚಾಲೆಂಜ್ ಟೂರ್ ಎನಿಸಿಕೊಂಡಿತ್ತು, 2025ರಿಂದ ಹೋಟೆಲ್‌ಪ್ಲಾನರ್ ಟೂರ್. ಅಮೆರಿಕದ ಬ್ರೂಕ್ಸ್ ಕೆಪ್ಕಾ 2013ರಲ್ಲಿ, ಭಾರತೀಯ ಮೂಲದ ಇಂಗ್ಲೆಂಡಿನ ಆರನ್ ರಾಯ್ 2017ರಲ್ಲಿ ಅಲ್ಲಿ ಮೂರು ಮೂರು ಗೆದ್ದು ವರ್ಷದ ನಡುವೆಯೇ ಮೇಲೇರಿದರು. ಈ ಟೂರ್ ನಮ್ಮ ಕಣ್ಣೆದುರಿಗೂ ಬಂದಿತ್ತು. 2023ರ ವಸಂತದಲ್ಲಿ ಬೆಂಗಳೂರಿನಲ್ಲಿ ಅದರ ಪಂದ್ಯಗಳು ನಡೆದವು, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್‌ನಲ್ಲೂ ಒಂದು. ಮಧ್ಯಪ್ರದೇಶದ ಮಹೂ ಊರಿನ ಓಂ ಪ್ರಕಾಶ್ ಚೌಹಾಣ್ ಆಗ ಬೆಂಗಳೂರಿನ ಒಂದು ಪಂದ್ಯ ಗೆದ್ದರು. ಅದೇ ವರ್ಷ ಭಾರತದ ಪಿಜಿಟಿಐ ಟೂರ್‌ನ ಪಟ್ಟಿಯಲ್ಲಿ ಮೊದಲಿಗರಾಗಿ ಡಿಪಿ ವರ್ಲ್ಡ್ ಟೂರ್ ಕಾರ್ಡ್ ಪಡೆದರು. ಬಿಡದಿಯ ಈಗಲ್‌ಟನ್‌ನಲ್ಲಿ ಆಟ ಕಲಿತ ನಮ್ಮ ಎಸ್. ಚಿಕ್ಕರಂಗಪ್ಪ ಅವರಂಥವರಿಗೂ ಪಿಜಿಟಿಐನಿಂದ ಮೇಲಕ್ಕೆ ಇರುವ ಏಣಿ ಇದೇ.

ಇನ್ನೊಮ್ಮೆ ಅಂಥ ಪಂದ್ಯ ಬೆಂಗಳೂರಿಗೆ ಬಂದರೆ ಭಾನುವಾರದ ಬದಲು ಶುಕ್ರವಾರ ಮಧ್ಯಾಹ್ನ ಹೋಗಿ. ಫೋನಿನಲ್ಲಿ ಸ್ಕೋರ್ ಪಟ್ಟಿ ತೆರೆದು, ಮೇಲಿನ ಹತ್ತು ಹೆಸರು ಬಿಟ್ಟು ಕಟ್ ಗೆರೆಯ ಆಚೀಚೆ ಇರುವ ಹೆಸರುಗಳನ್ನು ನೋಡಿ. ಅವರಲ್ಲಿ ಇನ್ನೂ ಐದಾರು ಗುಂಡಿ ಬಾಕಿ ಇರುವ ಒಬ್ಬನನ್ನು ಆರಿಸಿಕೊಂಡು ಅವನ ಗುಂಪಿನ ಜೊತೆ ನಡೆಯಿರಿ. ಪ್ರೇಕ್ಷಕರು ಯಾರೂ ಇರುವುದಿಲ್ಲ, ಹಗ್ಗದ ಪಕ್ಕದಲ್ಲೇ ಜಾಗ ಸಿಗುತ್ತದೆ. ಆಟಗಾರನೂ ಕ್ಯಾಡಿಯೂ ಗಜ ಲೆಕ್ಕ ಹಾಕುವುದು ಕಿವಿಗೇ ಬೀಳುತ್ತದೆ.